ಕ್ಯಾಪ್ಟನ್ ಕೋಣೆಯ ಬೀಗ

ಚಕ್ಕುಲಿ ಎಂಬ ನಾಯಿ ಕಾಣೆಯಾದಂದಿನಿಂದ ಮಗಳು ಮಂಕಾಗಿದ್ದಳು. ಗೇಟು ಹಾಕಲು ತಾನೇ ಮರೆತೆನೆಂದು ಅಪ್ಪ ಹೇಳಿದಾಗ ಅವಳು ಬೈಯಲೂ ಇಲ್ಲ. ಅದೇ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಅವಳ ಮನಸ್ಸು ಬೇರೆ ಕಡೆ ತಿರುಗಲಿ ಎಂದು ಭಾನುವಾರಗಳಂದು ಊಟದ ಮೇಜಿನ ಮೇಲೆ ಬಾಹ್ಯಾಕಾಶದ ಆಟ ಹೂಡುತ್ತಿದ್ದ. ಕಥೆ ನಡೆಸುವವನು ಅವನು, ನೌಕೆಯ ಬೀಗಗಳನ್ನು ಮುರಿಯುವ ಹ್ಯಾಕರ್ ಅವಳು. ಹೇಗೆ ಮುರಿಯುತ್ತೇನೆಂದು ಮೊದಲು ಬಾಯಿಬಿಟ್ಟು ಹೇಳಬೇಕು, ಅವನು ಒಪ್ಪಿದರೆ ಮಾತ್ರ ದಾಳ ಉರುಳಿಸಬೇಕು.

“ಕ್ಯಾಪ್ಟನ್ ಕೋಣೆಗೆ ಬೀಗ ಹಾಕಿದೆ. ಬಾಗಿಲಲ್ಲಿ ಕಾವಲು ರೋಬೋ. ಏನ್ ಮಾಡ್ತೀಯ?”

“ರೋಬೋ ತಂಟೆಗೇ ಹೋಗಲ್ಲ. ಪಾಸ್‌ವರ್ಡ್ ಊಹಿಸ್ತೀನಿ.”

“ಅದು ಹೇಗೆ?”

“ಕ್ಯಾಪ್ಟನ್ ಒಂದು ಜೀವಕ್ಕೆ ಮೋಸ ಮಾಡಿದಾನೆ. ಮರೆಯೋಕೆ ಆಗ್ತಿಲ್ಲ. ಅದರ ಹೆಸರನ್ನೇ ಪಾಸ್‌ವರ್ಡ್ ಮಾಡ್ಕೊಂಡಿದಾನೆ.”

“ಯಾವ ಹೆಸರು?”

“ಚಕ್ಕುಲಿ.”

ಅವನು ತಲೆಯೆತ್ತದೆ ದಾಳವನ್ನು ಅವಳತ್ತ ತಳ್ಳಿದ. ಅವಳು ಅದನ್ನು ಮುಟ್ಟಲಿಲ್ಲ.

“ದಾಳ ಬೇಡಪ್ಪ, ಬೆಳಿಗ್ಗೆನೇ ನಿನ್ನ ಫೋನ್ ಓಪನ್ ಆಯ್ತು,” ಎಂದಳು. “ನೀನು ಯಾರಿಗೆ ಕೊಟ್ಯೋ, ಅವರು ಕಳಿಸಿರೋ ವಿಡಿಯೋದಲ್ಲಿ ಚಕ್ಕುಲಿ ದಪ್ಪ ಆಗಿದೆ.”