ಹಾಲಿನ ಮಾದರಿ

ಬೆಳಿಗ್ಗೆ ಆರೂವರೆಗೆ ವಾಮನರಾಯರು ಹಾಲಿನ ಮಾದರಿ ಒಯ್ಯಲು ನೀಲವ್ವನ ಮನೆಗೆ ಬಂದರು. ದೂರದ ದೇಶವೊಂದು ಅಣುಬಾಂಬಿನ ಪರೀಕ್ಷೆ ಮಾಡಿತ್ತು. ಗಾಳಿಯಲ್ಲಿ ತೇಲಿಬಂದ ಅದರ ಧೂಳು ಮೇವಿನ ಮೇಲೆ ಬಿದ್ದು ಹಾಲಿಗೆ ಇಳಿದಿತ್ತು. ಅಪಾಯವಿದ್ದದ್ದು ಕೂಸುಗಳಿಗೆ. ಹಿಂದಿನ ವಾರದ ಹಾಲಿನಲ್ಲಿ ಆ ವಿಷದ ಅಳತೆ ಮಿತಿ ಮೀರಿದ್ದು ರಾಯರಿಗೆ ಗೊತ್ತಿತ್ತು. ಯಾರಿಗೂ ಹೇಳಕೂಡದೆಂದು ಮೇಲಿನವರ ಅಪ್ಪಣೆಯಾಗಿತ್ತು.

ನೀಲವ್ವ ಶೀಶೆ ತುಂಬಿಸಿ ಕೊಟ್ಟಳು. "ವಾರಾ ವಾರಾ ಒಯ್ತೀರಿ ಸಾಹೇಬ್ರ. ಹಾಲಿನಾಗ ಏನಾರ ಐತೇನ್ರಿ?"

"ಏನಿಲ್ಲವ್ವಾ, ಸುಮ್ನ ನೋಡ್ಲಿಕ್ಕೆ."

"ಸುಮ್ನ ನೋಡಾಕ ಜೀಪ್ ತಗೊಂಡು ಇಷ್ಟು ದೂರ ಬರ್ತೀರೇನು?"

ರಾಯರು ಶೀಶೆಯ ಮುಚ್ಚಳವನ್ನು ಮತ್ತೊಮ್ಮೆ ಬಿಗಿ ಮಾಡಿದರು.

ಅವಳು ಒಳಗಿನಿಂದ ಬಿಸಿ ಹಾಲಿನ ಲೋಟ ತಂದಳು. "ಒಂದಿನಾನೂ ನಮ್ಮ ಮನ್ಯಾಗ ಬಾಯಿ ತೋಯಿಸಿಲ್ಲ ನೀವು. ಇವತ್ತ ಬ್ಯಾಡ ಅನಬ್ಯಾಡ್ರಿ."

ಹೇಳುವ ಧೈರ್ಯವಂತೂ ಇಲ್ಲ, ಇವಳ ಮನಸ್ಸನ್ನಾದರೂ ನೋಯಿಸುವುದು ಬೇಡವೆಂದು ರಾಯರು ಲೋಟ ತೆಗೆದುಕೊಂಡರು. ತಮ್ಮ ವಯಸ್ಸಿಗೆ ಒಂದು ಲೋಟ ಏನೂ ಮಾಡದೆಂಬುದು ತಿಳಿದೇ ಇತ್ತು. ಅವಳ ಮುಖ ನೋಡಲಾರದೆ, ತಲೆ ತಗ್ಗಿಸಿಕೊಂಡೇ ಪೂರ್ತಿ ಕುಡಿದರು.

ನೀಲವ್ವ ಒಳಮನೆಯ ಕಡೆ ತಿರುಗಿ ಕೂಗಿದಳು: "ಅತ್ತಿ, ಸಾಹೇಬ್ರು ಕುಡದ್ರು. ಇನ್ನ ಕೂಸಿಗೆ ಕೊಡ್ರಿ."

ಬರೀ ಗಂಜಿಯಲ್ಲೇ ವಾರ ಕಳೆದಿದ್ದ ಕೂಸು ಎರಡೂ ಕೈಯಲ್ಲಿ ಲೋಟ ಹಿಡಿದು ಗಟಗಟ ಕುಡಿಯಿತು.