ದಾವಣಿಯ ಡಿಸ್ಕೌಂಟು

ಪಕ್ಕದ ಮನೆಯ ಅಕ್ಕ ಮೈನೆರೆದಳೆಂದು ರಸ್ತೆಯಲ್ಲಿ ಕಟ್ಟಿದ್ದ ಫ್ಲೆಕ್ಸು ನೋಡಿ ಹೆದರಿದ್ದ ಎಂಟು ವರ್ಷದ ಕೃತಿಗೆ, "ನಿನ್ನ ವಿಷಯ ಯಾರಿಗೂ ಹೇಳಲ್ಲ ಕಣೇ" ಎಂದು ಅಮ್ಮ ಪೂರ್ಣಿಮಾ ಮಾತು ಕೊಟ್ಟಿದ್ದಳು.

ನಾಲ್ಕು ವರ್ಷದ ಮೇಲೆ ಇವತ್ತು, ಪುರಸೈವಾಕ್ಕಂನ ಬಟ್ಟೆ ಅಂಗಡಿಯ ಕೌಂಟರಿನ ಮೇಲೆ ಪೂರ್ಣಿಮಾ ಫೋನು ಕುಕ್ಕಿದಳು. "ಮಂಟಪದವನು, ಅಡುಗೆಯವನು, ಫೋಟೊದವನು, ಎಲ್ಲರೂ ಮಗಳ ಹೆಸರು ಹಿಡಿದು ಶಾಸ್ತ್ರ ಯಾವತ್ತು ಅಂತ ಕೇಳ್ತಾರೆ. ಫೋನೆತ್ತಿದ್ದು ಅವಳೇ. ನಮ್ಮ ನಂಬರು ಯಾರ್‍ಯಾರಿಗಮ್ಮಾ ಮಾರಿದ್ರಿ?"

ಬಿಲ್ಲಿನ ಹುಡುಗಿ ತಣ್ಣಗೆ ಒಂದು ಫಾರಂ ತೆಗೆದು ತೋರಿಸಿದಳು. "ದಾವಣಿಗೆ ಡಿಸ್ಕೌಂಟ್ ಬೇಕೂಂತ ನೀವೇ ತುಂಬಿದ್ದಲ್ವಾ ಅಕ್ಕಾ?"

'ಕೃತಿ, ಹನ್ನೆರಡು ವರ್ಷ, ಮೈನೆರೆದ ಶಾಸ್ತ್ರಕ್ಕೆ.' ಕೆಳಗೆ, ವಿವರವನ್ನು ಬೇರೆಯವರಿಗೂ ಕೊಡಬಹುದೆಂಬ ಸಣ್ಣ ಅಕ್ಷರಗಳ ಪಕ್ಕ, ಪೂರ್ಣಿಮಾಳದೇ ಸಹಿ. ಪೂರ್ಣಿಮಾ ಫಾರಮ್ಮನ್ನು ಪರಪರ ಹರಿದಳು. "ಹರೀರಿ ಅಕ್ಕಾ, ಕಂಪ್ಯೂಟರಲ್ಲಿ ಇದ್ದೇ ಇದೆ" ಎಂದಳು ಹುಡುಗಿ. ಮಗಳಿಗೆ ಕೊಟ್ಟ ಮಾತನ್ನು ಪೂರ್ಣಿಮಾ ತಾನೇ ಮುರಿದಿದ್ದಳು.