ಸಾಹೇಬರಿಗೆಂದು ಮಾಡಿದ ಶಿರಾ

ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬಂದರೆ ಈಗಲೂ ನಾನು ಮೊಣಕೈ ನೋಡಿಕೊಳ್ಳುತ್ತೇನೆ.

ಊರು ಬಿಟ್ಟು ದುಡಿಯಲು ಹೋಗಿದ್ದ ಮಿಯಾಪುರದಲ್ಲಿ ನಮ್ಮದು ಒಂದೇ ಕೋಣೆಯ ಮನೆ. ಅಪಾರ್ಟ್‌ಮೆಂಟುಗಳಲ್ಲಿ ಕಸ-ಮುಸುರೆ ಮಾಡುತ್ತಿದ್ದ ಅವ್ವ ನರ್ಸಿಂಗ್ ಕಲಿಯಲು ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕಿದ್ದಳು. ನಾವು ನಿಜಕ್ಕೂ ಬಡವರೋ ಎಂದು ನೋಡಲು ಆ ಮಧ್ಯಾಹ್ನ ಸಾಹೇಬರೊಬ್ಬರು ಬರುವವರಿದ್ದರು. ಅಜ್ಜಿ ಪಕ್ಕದ ಮನೆಯಿಂದ ತುಪ್ಪ ಕಡ ತಂದು ಶಿರಾ ಮಾಡತೊಡಗಿದಳು.

"ಅತ್ತಿ, ಈ ವಾಸನಿ ಬಂದ್ರ ಉಳ್ಳವ್ರು ಅಂತ ಬರಕೊಂಡು ಹೋಗ್ತಾರ್ರಿ! ನನ್ನ ಓದು ಅಲ್ಲಿಗೇ ಮುಗೀತು," ಎಂದಳು ಅವ್ವ.

"ಬಡವರಾದ್ರ ಮನಿಗೆ ಬಂದವರಿಗೆ ಬರೇ ನೀರು ಕೊಟ್ಟು ಕಳಸಬೇಕೇನು?" ಅಜ್ಜಿ ಸೌಟು ನಿಲ್ಲಿಸಲಿಲ್ಲ.

ಸಾಹೇಬರು ಬಂದು ಕೂತರು. ತುಪ್ಪ ಜಿನುಗುತ್ತಿದ್ದ ತಟ್ಟೆ ನೋಡಿ, ದಿನಾ ಇದನ್ನೇ ಮಾಡುತ್ತೀರಾ ಎಂದು ಹಿಂದಿಯಲ್ಲಿ ಕೇಳಿದರು. ಅವ್ವ ತುಪ್ಪದ ಬಟ್ಟಲನ್ನು ಸೆರಗಿನ ಹಿಂದೆ ಮರೆಮಾಡಿದಳು. ಸಾಹೇಬರು ಒಂದು ತುತ್ತೂ ತಿನ್ನದೆ ತಟ್ಟೆಯನ್ನು ನನ್ನತ್ತ ಸರಿಸಿದರು.

ಬಾಯಿ ಸುಟ್ಟರೂ ಬಿಡದೆ ತಿಂದೆ. ತಟ್ಟೆ ನೆಕ್ಕಿದೆ, ಮೊಣಕೈಗೆ ಇಳಿದ ತುಪ್ಪವನ್ನೂ ನೆಕ್ಕಿದೆ. ತಲೆ ಎತ್ತಿದಾಗ ಸಾಹೇಬರು ನನ್ನನ್ನೇ ನೋಡುತ್ತಿದ್ದರು. ಮತ್ತೇನೂ ಕೇಳದೆ ಅವ್ವನ ಅರ್ಜಿಗೆ ಸಹಿ ಹಾಕಿದರು. ಅಜ್ಜಿ ಗೋಡೆಯ ಕಡೆ ಮುಖ ತಿರುಗಿಸಿದ್ದಳು.

ಅವ್ವ ನರ್ಸ್ ಆದಳು. ಅಜ್ಜಿ ಮಾತ್ರ ಆವತ್ತಿನಿಂದ, ಯಾರೇ ಬರಲಿ, ಮೊದಲ ತುತ್ತು ನನ್ನ ಬಾಯಿಗಿಟ್ಟೇ ಅವರ ಮುಂದೆ ತಟ್ಟೆ ಇಡುತ್ತಿದ್ದಳು.